ಬೀಜದಂತೆ ಕಾಪಿಡಬೇಕಾದ ಆಟದ ಪೆಟ್ಟಿಗೆ

ಮೃಗಶಿರ ಮಳೆ ಹಿಡಿಯುವ ಮುನ್ನ ಮಲೆನಾಡಿನ ಮನೆಗಳಲ್ಲಿ ಮಾಡಿ ಮುಗಿಸಬೇಕಾದ ಕೆಲಸಗಳ ಪಟ್ಟಿ ಸಣ್ಣದಲ್ಲ. ಹಪ್ಪಳ, ಸಂಡಿಗೆ, ಬಾಳಕದ ಮೆಣಸು ಬಿಸಿಲು ಕಂಡು ಡಬ್ಬಿ ಸೇರಬೇಕು. ಸೌದೆಯನ್ನು ಒಟ್ಟಿ ಮುಚ್ಚಬೇಕು. ಬಿತ್ತನೆಯ ಬೀಜ ಊಟದ ಕಾಳಿನಿಂದ ಬೇರೆಯಾಗಿ ಭದ್ರವಾಗಬೇಕು. ಯಾವುದು ಪಸೆ ಹೀರುತ್ತದೆ, ಯಾವುದಕ್ಕೆ ಬೂಷ್ಟು ಹಿಡಿಯುತ್ತದೆ, ಯಾವುದನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಕು ಎಂಬುದೆಲ್ಲ ಹಿರಿಯರಿಗೆ ಬಾಯಿಪಾಠ. ಆದರೆ ಈ ಪಟ್ಟಿಯಲ್ಲಿ ಇನ್ನೂ ಜಾಗ ಸಿಗದ ಒಂದು ವಸ್ತು ಕಳೆದ ಮೂರು ದಶಕಗಳಿಂದ ನಮ್ಮ ಅಟ್ಟಗಳನ್ನು ಸೇರಿ ಕುಳಿತಿದೆ. ಅದು ವಿಡಿಯೋ ಗೇಮ್.

ಟಿ.ವಿ.ಗೆ ಜೋಡಿಸುವ ಪೆಟ್ಟಿಗೆ, ಎರಡು ಜಾಯ್‌ಸ್ಟಿಕ್, ನಾವು 'ಕ್ಯಾಸೆಟ್' ಎಂದು ಕರೆಯುತ್ತಿದ್ದ ಆಟದ ಬಿಲ್ಲೆಗಳು, ಆಮೇಲೆ ಬಂದ ಸಿ.ಡಿ.ಗಳು. ಬೇಸಿಗೆ ರಜೆಯಲ್ಲಿ ಇವುಗಳ ಮುಂದೆ ಕುಳಿತಿದ್ದ ಮಕ್ಕಳು ಓದು ಮುಗಿಸಿ ಬೆಂಗಳೂರಿಗೋ ಹೊರದೇಶಕ್ಕೋ ಹೋದರು. ಪೆಟ್ಟಿಗೆ ಮಾತ್ರ ಸಜ್ಜದ ಮೇಲೆ ಉಳಿಯಿತು. ಅವರು ಈಗ ತಮ್ಮ ಮಕ್ಕಳನ್ನು ಕರೆದುಕೊಂಡು ಬಂದು ಅದನ್ನು ಕೆಳಗಿಳಿಸಿದಾಗ ಕಾಣುವುದೇನು? ಹಳದಿಗಟ್ಟಿದ ಪ್ಲಾಸ್ಟಿಕ್, ಕಿಲುಬು ಹಿಡಿದ ತಾಮ್ರದ ಹಲ್ಲುಗಳು, ಬಿಳಿ ಚುಕ್ಕೆ ಬಿದ್ದ ಸಿ.ಡಿ., ಕೈಗಂಟುವ ರಬ್ಬರು. ಇದು ಹಣೆಬರಹವಲ್ಲ. ಇಡಬೇಕಾದ ರೀತಿಯಲ್ಲಿ ಇಟ್ಟರೆ ಇವೂ ಬಾಳುತ್ತವೆ.

ಶಿವಮೊಗ್ಗೆಯ ನವುಲೆಯನ್ನೇ ನೋಡಿ. ಒಂದು ಕಾಲದ ಹಳ್ಳಿ, ಇಂದು ನಗರದ ಭಾಗ. ಸವಳಂಗ ರಸ್ತೆಯ ಈ ಆಸುಪಾಸಿನಲ್ಲಿ 1980ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ಎಂಜಿನಿಯರಿಂಗ್ ಕಾಲೇಜೂ ಇದೆ, ಕೃಷಿ ಮಹಾವಿದ್ಯಾಲಯದ ಆವರಣವೂ ಇದೆ. ಚಿಪ್ಪು, ವಿದ್ಯುನ್ಮಂಡಲ ಒಂದು ಕಡೆಯ ಪಾಠವಾದರೆ ಬೀಜ, ತೇವ, ಮೊಳಕೆ ಇನ್ನೊಂದು ಕಡೆಯದು. ವಿಡಿಯೋ ಗೇಮ್ ತಯಾರಾಗುವುದು ಮೊದಲನೆಯ ವಿದ್ಯೆಯಿಂದ. ಅದನ್ನು ಕಾಪಾಡುವ ಗುಟ್ಟು ಹೆಚ್ಚಾಗಿ ಇರುವುದು ಎರಡನೆಯದರಲ್ಲಿ. ಆಟದ ಸಂಗ್ರಹವನ್ನು ಹಳೆಯ ಸಾಮಾನಿನಂತೆ ಅಲ್ಲ, ಬಿತ್ತನೆಯ ಬೀಜದಂತೆ ಇಡಬೇಕು.

ಯಾರೂ ಕಾಯದ ಗಂಟು

ಆಟಿಕೆಗೆ ಇಷ್ಟೊಂದು ಉಪಚಾರವೇಕೆ ಎಂದು ಕೇಳಬಹುದು. ಆಟಗಳನ್ನು ಕಾಪಿಡುವುದು ನಮ್ಮ ನಾಡಿಗೆ ಹೊಸತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಲವು ಮಣೆಯಾಟಗಳನ್ನೂ ಚದುರಂಗದ ಸಮಸ್ಯೆಗಳನ್ನೂ ರೂಪಿಸಿದವರು. ಆ ಆಟಗಳ ಮನೆಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಇಂದಿಗೂ ಕಾಣಬಹುದು. ಮನೆಮನೆಯ ಅಳಗುಳಿಮಣೆ, ಚೌಕಾಬಾರಗಳಿಗೆ ಅರಮನೆಯ ಗೋಡೆಯೂ ಬೇಕಿರಲಿಲ್ಲ. ಮಣೆ ಮುರಿದರೆ ನೆಲದಲ್ಲಿ ಗುಳಿ ತೋಡಿ, ಹುಣಿಸೆಬೀಜ ಹಾಕಿ ಆಟ ಮುಂದುವರಿಸಬಹುದು. ಆಟದ ನಿಯಮ ಅಜ್ಜಿಯ ಬಾಯಲ್ಲಿರುತ್ತದೆ.

ವಿಡಿಯೋ ಗೇಮ್ ಹಾಗಲ್ಲ. ಮಣೆ, ಕಾಯಿ, ನಿಯಮ, ಚಿತ್ರ, ಸಂಗೀತ ಎಲ್ಲವೂ ಒಂದೇ ಚಿಪ್ಪಿನಲ್ಲೋ ಒಂದೇ ಬಿಲ್ಲೆಯಲ್ಲೋ ಅಡಗಿವೆ. ಅದು ಹೋದರೆ ಆಟವೇ ಹೋಯಿತು. ನೆನಪಿನಿಂದ ಅದನ್ನು ಮತ್ತೆ ಹುಟ್ಟಿಸಲು ಸಾಧ್ಯವಿಲ್ಲ.

ಮಾಡಿದ ಕಂಪನಿಗಳು ಕಾಪಾಡುತ್ತವೆ ಎಂಬ ಭರವಸೆಯೂ ಇಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕಿಂತ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳ ಪೈಕಿ ನೂರಕ್ಕೆ 87ರಷ್ಟು ಈಗ ಮಾರಾಟದಲ್ಲಿಲ್ಲ. ಫ್ರಾನ್ಸ್ ದೇಶ 1992ರಲ್ಲೇ ಕಾನೂನು ಮಾಡಿ ಅಲ್ಲಿ ಪ್ರಕಟವಾಗುವ ವಿಡಿಯೋ ಗೇಮ್‌ಗಳ ಪ್ರತಿಗಳೂ ರಾಷ್ಟ್ರೀಯ ಗ್ರಂಥಾಲಯ ಸೇರುವಂತೆ ಮಾಡಿತು. ನಮ್ಮಲ್ಲಿ 1954ರ ಕಾಯಿದೆಯೊಂದಿದೆ. ಅದರಂತೆ ಪ್ರಕಾಶಕರು ಪುಸ್ತಕದ ಪ್ರತಿಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಗೊತ್ತಾದ ಗ್ರಂಥಾಲಯಗಳಿಗೂ ಕಳುಹಿಸಬೇಕು. ಅದರ ವ್ಯಾಪ್ತಿಯಲ್ಲಿರುವುದು ಪುಸ್ತಕ ಮತ್ತು ಪತ್ರಿಕೆಗಳು, ಆಟಗಳಲ್ಲ.

ಹೀಗಾಗಿ ನಮ್ಮ ದೇಶದ ಆಟದ ಚರಿತ್ರೆ ಉಳಿದಿರುವುದು ಮನೆಗಳ ಸಜ್ಜದ ಮೇಲೆ. ಜಪಾನಿನ ನಿಂಟೆಂಡೊ 1983ರ ಜುಲೈನಲ್ಲಿ ತಂದ 'ಫ್ಯಾಮಿಲಿ ಕಂಪ್ಯೂಟರ್' ನಮ್ಮ ಬಹುಪಾಲು ಮನೆಗಳಿಗೆ ಬಂದದ್ದು ಅಸಲಿ ರೂಪದಲ್ಲಲ್ಲ. 'ಸಮುರಾಯ್', 'ಲಿಟಲ್ ಮಾಸ್ಟರ್' ಮುಂತಾದ ಹೆಸರು ಹೊತ್ತ ಅದರ ನಕಲುಗಳ ರೂಪದಲ್ಲಿ ಬಂತು. ಲಕ್ಷಗಟ್ಟಲೆ ಆಟಗಳಿವೆ ಎಂದು ಮೇಲೆ ಬರೆದು, ಒಳಗೆ ಅವೇ ಹತ್ತಿಪ್ಪತ್ತು ಆಟಗಳನ್ನು ತಿರುಗಿ ತಿರುಗಿ ತೋರಿಸುತ್ತಿದ್ದ ಕ್ಯಾಸೆಟ್‌ಗಳು ಅವು. ಯಾವ ಕಂಪನಿಯೂ ಅವುಗಳ ದಾಖಲೆ ಇಟ್ಟುಕೊಂಡಿರುವುದನ್ನು ನಿರೀಕ್ಷಿಸುವಂತಿಲ್ಲ. ಹೈದರಾಬಾದಿನಲ್ಲಿ ತಯಾರಾಗಿ 2009ರಲ್ಲಿ ಪ್ಲೇಸ್ಟೇಷನ್ 2 ಯಂತ್ರಕ್ಕೆ ಬಂದ 'ಹನುಮಾನ್: ಬಾಯ್ ವಾರಿಯರ್', ಕಬಡ್ಡಿಯಂಥ ದೇಸಿ ಆಟಗಳನ್ನು ಪರದೆಗೆ ತಂದ 'ದೇಸಿ ಅಡ್ಡಾ' ಇವುಗಳ ಬಿಲ್ಲೆಗಳೂ ಈಗ ಸಿಗುವುದು ಯಾರದೋ ಮನೆಯ ಕಪಾಟಿನಲ್ಲೇ. ಗ್ರಂಥಾಲಯ ಮಾಡದ ಕೆಲಸ ಮನೆಯವರ ಪಾಲಿಗೆ ಬಂದಿದೆ.

ಗಾಳಿಯಲ್ಲಿರುವ ನೀರು

ಇಂಥ ವಸ್ತುಗಳಿಗೆ ಸುಮಾರು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡ 40ರಿಂದ 50ರ ಸಾಪೇಕ್ಷ ಆರ್ದ್ರತೆ ಹಿತವೆಂದು ಸಂಗ್ರಹಾಲಯದವರು ಹೇಳುತ್ತಾರೆ. ಏಪ್ರಿಲ್‌ನಲ್ಲಿ 36–37 ಡಿಗ್ರಿ ಕಾಯುವ, ಜುಲೈನಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಶಿವಮೊಗ್ಗೆಯಲ್ಲಿ ಇದು ಸುಲಭವಲ್ಲ. ಆದರೆ ಎರಡರಲ್ಲಿ ಯಾವುದು ಹೆಚ್ಚು ಮುಖ್ಯ ಎಂದು ತಿಳಿದರೆ ದಾರಿ ಕಾಣುತ್ತದೆ.

ಸಾಪೇಕ್ಷ ಆರ್ದ್ರತೆ ಎಂದರೆ, ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿಯಲ್ಲಿ ಈಗ ಎಷ್ಟು ಪಾಲು ತುಂಬಿದೆ ಎಂಬ ಲೆಕ್ಕ. ಬಿಸಿ ಗಾಳಿಯ ಹೊಟ್ಟೆ ದೊಡ್ಡದು, ತಣ್ಣನೆಯ ಗಾಳಿಯದು ಚಿಕ್ಕದು. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರನ್ನು ಆವಿಯಾಗಿ ಹಿಡಿಯಬಲ್ಲದು. 20 ಡಿಗ್ರಿಯಲ್ಲಿ 17 ಗ್ರಾಂ ಮಾತ್ರ. ಮಳೆಗಾಲದ ಒಂದು ದಿನ ಮನೆಯೊಳಗೆ 24 ಡಿಗ್ರಿ, ಆರ್ದ್ರತೆ ಶೇ 90 ಇದೆಯೆನ್ನಿ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಗಾಳಿಯಲ್ಲೇ ಆಗ ಅರ್ಧ ಲೀಟರಿಗಿಂತ ಹೆಚ್ಚು ನೀರು ತೇಲುತ್ತಿರುತ್ತದೆ. ಕಿಟಕಿ ತೆರೆದರೆ ಅದು ಮತ್ತೆ ಮತ್ತೆ ತುಂಬಿಕೊಳ್ಳುತ್ತದೆ.

ಈಗ ಇದೇ ಗಾಳಿಯನ್ನು 30 ಡಿಗ್ರಿಗೆ ಬೆಚ್ಚಗಾಗಿಸಿದರೆ, ಒಂದು ಹನಿ ನೀರನ್ನೂ ತೆಗೆಯದೆ ಅದರ ಸಾಪೇಕ್ಷ ಆರ್ದ್ರತೆ ಸುಮಾರು ಶೇ 63ಕ್ಕೆ ಇಳಿಯುತ್ತದೆ. ಬದಲಿಗೆ ತಣಿಸಿದರೆ, 22 ಡಿಗ್ರಿ ದಾಟುವಷ್ಟರಲ್ಲೇ ಅದು ನೀರಾಗಿ ಇಳಿಯತೊಡಗುತ್ತದೆ. ಏರ್ ಕಂಡೀಷನರ್ ಹಾಕಿದ ಕೋಣೆಯಲ್ಲಿ 20 ಡಿಗ್ರಿಗೆ ತಣಿದ ಕ್ಯಾಸೆಟ್ಟನ್ನು ಜಡಿಮಳೆಯ ದಿನ ಹಜಾರಕ್ಕೆ ತಂದರೆ ಅದರ ಮೈಮೇಲೂ ಒಳಗೂ ಇಬ್ಬನಿ ಕೂರುವುದು ಇದೇ ಕಾರಣಕ್ಕೆ. ರಾತ್ರಿ ಮಾತ್ರ ಎ.ಸಿ. ಹಾಕಿ ಹಗಲು ಕಿಟಕಿ ತೆರೆಯುವ ಕೋಣೆ, ಎ.ಸಿ.ಯೇ ಇಲ್ಲದ ಕೋಣೆಗಿಂತ ಈ ವಸ್ತುಗಳಿಗೆ ಕೆಟ್ಟದ್ದು.

ಬೂಷ್ಟು ಬೆಳೆಯತೊಡಗುವುದು ಆರ್ದ್ರತೆ ಶೇ 65–70 ದಾಟಿದ ಮೇಲೆ. ಲೋಹಕ್ಕೆ ತುಕ್ಕು, ಕಿಲುಬು ಹಿಡಿಯುವ ವೇಗವೂ ಹೆಚ್ಚುಕಡಿಮೆ ಅಲ್ಲಿಂದಲೇ ಏರುತ್ತದೆ. ಇನ್ನು ಸೆಖೆ. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ಸ್ಥೂಲ ಲೆಕ್ಕ. ಬೇಸಿಗೆಯ ಸೆಖೆ ವಸ್ತುವಿನ ವಯಸ್ಸನ್ನು ಬೇಗ ಕಳೆಯುತ್ತದೆ. ಮಳೆಗಾಲದ ಪಸೆ ಒಂದೆರಡು ವರ್ಷದಲ್ಲೇ ಅದನ್ನು ಕೊಲ್ಲಬಲ್ಲದು. ಆದ್ದರಿಂದ ಮಲೆನಾಡಿನಲ್ಲಿ ಮೊದಲ ಶತ್ರು ಪಸೆ, ಎರಡನೆಯದು ಸೆಖೆ. ಮೂರನೆಯದು ಇವೆರಡರ ಏರಿಳಿತ.

ಅಡಿಗೆಮನೆಯ ಉಪ್ಪಿನ ಭರಣಿಯೇ ನಮ್ಮ ಹಳೆಯ ಆರ್ದ್ರತಾ ಮಾಪಕ. ಶುದ್ಧ ಉಪ್ಪು ಆರ್ದ್ರತೆ ಶೇ 75 ದಾಟಿದರೆ ಗಾಳಿಯ ನೀರು ಹೀರಿ ಕರಗತೊಡಗುತ್ತದೆ. ಕಲ್ಲುಪ್ಪಿನಲ್ಲಿ ಬೆರೆತಿರುವ ಇತರ ಲವಣಗಳಿಂದಾಗಿ ಅದು ಇನ್ನೂ ಬೇಗ ಒದ್ದೆಯಾಗುತ್ತದೆ. ಡಬ್ಬಿಯ ಪುಡಿಯುಪ್ಪು ನೀರೊಡೆದಿದೆ ಎಂದರೆ ಆ ಮನೆಯ ಗಾಳಿ ಬೂಷ್ಟಿನ ಗೆರೆಯನ್ನು ಆಗಲೇ ದಾಟಿದೆ ಎಂದರ್ಥ.

ಯಾವುದಕ್ಕೆ ಯಾವ ರೋಗ

ಸಂಗ್ರಹದಲ್ಲಿರುವುದೆಲ್ಲ ಒಂದೇ ಜಾತಿಯ ವಸ್ತುವಲ್ಲ. ಒಂದೊಂದರ ರೋಗ ಬೇರೆ.

ಕ್ಯಾಸೆಟ್ಟಿನೊಳಗಿನ ಚಿಪ್ಪು ಸಾಮಾನ್ಯವಾಗಿ ಗಟ್ಟಿ ಜೀವ. ಕಾರ್ಖಾನೆಯಲ್ಲೇ ಆಟವನ್ನು ಅಚ್ಚೊತ್ತಿದ ಚಿಪ್ಪುಗಳು ದಶಕಗಳ ಕಾಲ ಬಾಳುತ್ತವೆ. ಕೆಡುವುದು ಯಂತ್ರಕ್ಕೆ ಕಚ್ಚಿಕೊಳ್ಳುವ ತಾಮ್ರದ ಹಲ್ಲುಗಳು. ಆಟ ಬಾರದಿದ್ದರೆ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದುವುದು ಒಂದು ತಲೆಮಾರಿನ ಮಕ್ಕಳೆಲ್ಲ ಕಲಿತಿದ್ದ ಮಂತ್ರ. ಆಟ ಬರುತ್ತಿದ್ದುದು ಊದಿದ್ದರಿಂದಲ್ಲ, ತೆಗೆದು ಮತ್ತೆ ಸರಿಯಾಗಿ ಕೂರಿಸಿದ್ದರಿಂದ. ಉಸಿರಿನ ಪಸೆ, ಎಂಜಲಿನ ಹನಿ ಕಿಲುಬಿಗೆ ದಾರಿ ಮಾಡಿಕೊಡುತ್ತದೆ. ಹಾಗೆ ಊದಬೇಡಿರೆಂದು ನಿಂಟೆಂಡೊ ಕಂಪನಿಯೇ ಎಚ್ಚರಿಸಿತ್ತು. ಹತ್ತಿ ಸುತ್ತಿದ ಕಡ್ಡಿಗೆ ಶೇ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಪೂರ್ತಿ ಆರಲು ಬಿಡುವುದು ಸರಿಯಾದ ಕ್ರಮ.

ಕೆಲವು ಕ್ಯಾಸೆಟ್ಟುಗಳಲ್ಲಿ ಬಿಲ್ಲೆಯಾಕಾರದ ಸಣ್ಣ ಲಿಥಿಯಂ ಬ್ಯಾಟರಿ ಇರುತ್ತದೆ. ಆಡಿದವರ ಹೆಸರು, ಗೆದ್ದ ಹಂತ, ಉಳಿಸಿದ ಆಟ ಇವೆಲ್ಲ ನೆನಪಿನಲ್ಲಿರುವುದು ಅದರ ಬಲದಿಂದ. ಅದರ ಆಯುಷ್ಯ ಹದಿನೈದು–ಇಪ್ಪತ್ತು ವರ್ಷ. ಒಳಗೆ ಗಡಿಯಾರವೂ ಓಡುತ್ತಿದ್ದರೆ, 1999ರ 'ಪೋಕೆಮಾನ್ ಗೋಲ್ಡ್'ನಲ್ಲಿ ಇರುವಂತೆ, ಇನ್ನೂ ಕಡಿಮೆ. ಬ್ಯಾಟರಿ ಸತ್ತರೆ ಆಟ ಉಳಿಯುತ್ತದೆ, ಆದರೆ ಅಣ್ಣ ತಮ್ಮ ಸೇರಿ ಒಂದಿಡೀ ರಜೆ ಕಷ್ಟಪಟ್ಟು ಮುಟ್ಟಿದ ಹಂತ ಅಳಿಸಿಹೋಗುತ್ತದೆ.

ಜಾಯ್‌ಸ್ಟಿಕ್ಕಿನಲ್ಲೋ ಕೈಯಲ್ಲಿ ಹಿಡಿದು ಆಡುವ ಯಂತ್ರದಲ್ಲೋ ಬಿಟ್ಟ ಪೆನ್ ಸೆಲ್ಲುಗಳು ಇನ್ನೂ ಅಪಾಯ. ಅವು ಸೋರಿದರೆ ಒಳಗಿನ ಕ್ಷಾರ ತಂತಿ, ಸ್ಪ್ರಿಂಗು, ಬೆಸುಗೆ ಎಲ್ಲವನ್ನೂ ತಿನ್ನುತ್ತದೆ. ಎತ್ತಿಡುವ ಮುನ್ನ ಸೆಲ್ ತೆಗೆಯುವುದು ಖರ್ಚಿಲ್ಲದ, ಆದರೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ. ಚಾರ್ಜ್ ಆಗುವ ಲಿಥಿಯಂ ಬ್ಯಾಟರಿಯಾದರೆ ಅರ್ಧ ಚಾರ್ಜ್ ಮಾಡಿ, ಯಂತ್ರದಿಂದ ಬೇರೆ ಇಡಬೇಕು. ಉಬ್ಬಿದ್ದು ಕಂಡರೆ ಚುಚ್ಚದೆ, ಒತ್ತದೆ ಇ-ತ್ಯಾಜ್ಯ ಪಡೆಯುವವರಿಗೆ ಕೊಡಬೇಕು.

ಸಿ.ಡಿ.ಯ ಕಥೆ ಬೇರೆ. ಹೊಳೆಯುವ ಮುಖವನ್ನು ಜೋಪಾನ ಮಾಡಿ, ಚಿತ್ರವಿರುವ ಮುಖವನ್ನು ಮೇಜಿಗೆ ಉಜ್ಜುವವರೇ ಹೆಚ್ಚು. ನಿಜವಾಗಿ ಮಾಹಿತಿ ಇರುವ ಅಲ್ಯುಮಿನಿಯಂ ಪೊರೆ ಚಿತ್ರದ ಮುಖಕ್ಕೇ ಹತ್ತಿರ. ಅದರ ಮೇಲಿರುವುದು ಕೂದಲೆಳೆಗಿಂತ ತೆಳುವಾದ ಮೆರುಗೆಣ್ಣೆಯ ಲೇಪ ಮಾತ್ರ. ಅಂಚಿನಿಂದಲೋ ಗೀರಿನಿಂದಲೋ ಪಸೆ ಒಳನುಗ್ಗಿದರೆ ಪೊರೆ ಕರಗಿ, ಬೆಳಕಿಗೆ ಹಿಡಿದಾಗ ಸೂಜಿ ಚುಚ್ಚಿದಂತೆ ತೂತುಗಳು ಕಾಣುತ್ತವೆ. ಮಧ್ಯ ಅಮೆರಿಕದ ಬೆಲೀಜ್ ದೇಶದಿಂದ ಬಂದ ಸಿ.ಡಿ.ಯೊಂದರ ಅಲ್ಯುಮಿನಿಯಂ ಪೊರೆಯನ್ನು ಶಿಲೀಂಧ್ರವೊಂದು ತಿಂದಿರುವುದನ್ನು 2001ರಲ್ಲಿ ಸ್ಪೇನಿನ ವಿಜ್ಞಾನಿಗಳು ವರದಿ ಮಾಡಿದರು. ಆ ನಾಡಿನ ಹವೆಯೂ ನಮ್ಮ ಮಳೆಗಾಲದಂತೆಯೇ ಸೆಖೆ ಮತ್ತು ಪಸೆಯದು. ಮನೆಯಲ್ಲೋ ಅಂಗಡಿಯಲ್ಲೋ ಬರೆಸಿದ ಸಿ.ಡಿ.ಗಳಲ್ಲಿ ಮಾಹಿತಿ ಇರುವುದು ಬಣ್ಣದ ಪೊರೆಯಲ್ಲಿ. ಬಿಸಿಲಿಗೆ ಬಟ್ಟೆ ಮಾಸುವಂತೆ ಅದೂ ಮಾಸುತ್ತದೆ.

ಪ್ಲಾಸ್ಟಿಕ್ ಹಳದಿಯಾಗುವುದಕ್ಕೆ ಅದರಲ್ಲಿ ಬೆರೆಸಿದ, ಬೆಂಕಿ ತಡೆಯುವ ಬ್ರೋಮಿನ್ ಸಂಯುಕ್ತಗಳೂ ಬಿಸಿಲಿನ ನೇರಳಾತೀತ ಕಿರಣವೂ ಸೆಖೆಯೂ ಕಾರಣ. ಹೊಸ ಜಾಯ್‌ಸ್ಟಿಕ್ಕುಗಳ ಮೇಲಿನ ನಯವಾದ ರಬ್ಬರಿನಂಥ ಲೇಪ ಪಸೆಯಲ್ಲಿ ಒಡೆದು ಅಂಟಂಟಾಗುತ್ತದೆ. ತಂತಿಯನ್ನು ಯಂತ್ರಕ್ಕೇ ಸುತ್ತಿಟ್ಟರೆ, ತಂತಿಯ ಹೊದಿಕೆಯನ್ನು ಮೆದುವಾಗಿಸಲು ಸೇರಿಸಿದ ಎಣ್ಣೆಯಂಥ ದ್ರವ ಹೊರಬಂದು ಯಂತ್ರದ ಮೈಯನ್ನೇ ಕರಗಿಸಿ ಗುರುತು ಮೂಡಿಸುತ್ತದೆ. ರಬ್ಬರ್ ಬ್ಯಾಂಡಿನಲ್ಲಿರುವ ಗಂಧಕ ತಾಮ್ರವನ್ನು ಕಪ್ಪಾಗಿಸುತ್ತದೆ. ಆಟ ಬಂದ ರಟ್ಟಿನ ಪೆಟ್ಟಿಗೆ, ಕೈಪಿಡಿಗಳಿಗೆ ಹಳೆಯ ಪತ್ರಿಕೆಗಳ ಗತಿಯೇ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ತಯಾರಾಗುತ್ತಿದ್ದ ಪತ್ರಿಕೆಯ ಕಾಗದ ಕೆಲವೇ ವರ್ಷಗಳಲ್ಲಿ ಹಳದಿಯಾಗುತ್ತಿದ್ದುದನ್ನು ಕಂಡವರಿಗೆ ಇದು ಗೊತ್ತು. ಮರದ ಲಿಗ್ನಿನ್ ಉಳಿದ ಅಗ್ಗದ ಕಾಗದ, ರಟ್ಟು ಬೆಳಕು ಸೆಖೆಗಳಿಗೆ ಹಾಗೆಯೇ ಮುಪ್ಪಾಗುತ್ತವೆ. ಬೆಳ್ಳಿಬಣ್ಣದ ಪುಸ್ತಕದ ಹುಳು, ಜಿರಳೆ, ಗೆದ್ದಲುಗಳಿಗೆ ರಟ್ಟೂ ಅದರ ಅಂಟೂ ಹಬ್ಬದೂಟ.

ಹೊಗೆಯ ಅಟ್ಟ, ಬೀಜದ ಡಬ್ಬಿ

ನಮ್ಮ ಹಿರಿಯರೂ ಪಸೆಯೊಂದಿಗೆ ಸೆಣಸಿದವರೇ. ಸಾಗರ ತಾಲ್ಲೂಕಿನ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಿಗಳಾರಿ ಲಿಪಿಯ ತಾಳೆಗರಿಗಳಿವೆ. ಇಷ್ಟು ಮಳೆ ಬೀಳುವ ಸೀಮೆಯಲ್ಲಿ ಅವು ನಮ್ಮ ಕಾಲದವರೆಗೆ ಉಳಿದು ಬಂದದ್ದು ತಲೆಮಾರುಗಳ ಆರೈಕೆಯಿಂದ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತಿತ್ತು. ಬೆಚ್ಚಗಿದ್ದುದರಿಂದ ಅಲ್ಲಿನ ಸಾಪೇಕ್ಷ ಆರ್ದ್ರತೆ ಇಳಿಯುತ್ತಿತ್ತು, ಹೊಗೆ ಹುಳುವನ್ನು ದೂರವಿಡುತ್ತಿತ್ತು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಲ್ಲಿ ಸ್ಥಾಪನೆಯಾದದ್ದು. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಇರುವುದು ಅಲ್ಲಿಯೇ. ಅಲ್ಲಿ ಗರಿಗಳನ್ನು ಒರೆಸಿ, ಹುಲ್ಲಿನ ಸುಗಂಧ ತೈಲ ಸವರಿ ಕಾಪಾಡುವ ಪದ್ಧತಿಯಿದೆ.

ಈ ಪದ್ಧತಿಗಳನ್ನು ಹಾಗೆಯೇ ಎತ್ತಿ ವಿಡಿಯೋ ಗೇಮಿಗೆ ಹಚ್ಚಿದರೆ ಕೆಟ್ಟಿತು. ಹೊಗೆಯ ಮಸಿ, ಅಡಿಗೆಯ ಎಣ್ಣೆಯ ಜಿಡ್ಡು ಸಿ.ಡಿ.ಗೂ ತಾಮ್ರದ ಹಲ್ಲಿಗೂ ಶತ್ರು. ಸೀರೆಯ ನಡುವೆ ಇಡುವ ನುಸಿಗುಳಿಗೆ, ಕರ್ಪೂರಗಳ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಹಿರಿಯರಿಂದ ನಾವು ಪಡೆಯಬೇಕಾದದ್ದು ಅದರ ಹಿಂದಿನ ತತ್ವ: ಒಣಗಿಸು, ಬೆಚ್ಚಗಿಡು, ಮುಚ್ಚು, ಆಗಾಗ ತೆರೆದು ನೋಡು.

ಈ ತತ್ವದ ಶುದ್ಧ ರೂಪ ಕಾಣುವುದು ಬೀಜದ ಶಾಸ್ತ್ರದಲ್ಲಿ. ಅಮೆರಿಕದ ಬೀಜ ವಿಜ್ಞಾನಿ ಹ್ಯಾರಿಂಗ್ಟನ್ ಅವರ ಸೂತ್ರಗಳು ಕೃಷಿ ಕಾಲೇಜುಗಳ ಪಠ್ಯದಲ್ಲಿ ಸಿಗುತ್ತವೆ. ಬೀಜದ ತೇವಾಂಶ ಶೇಕಡ 1ರಷ್ಟು ಇಳಿದರೆ ಅದರ ಆಯುಷ್ಯ ಇಮ್ಮಡಿ, ಇಡುವ ಜಾಗದ ಉಷ್ಣತೆ 5 ಡಿಗ್ರಿ ಇಳಿದರೂ ಇಮ್ಮಡಿ ಎನ್ನುತ್ತವೆ ಅವು. ಅಂದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಲಾಭ ಒಣಗಿಸುವುದರಲ್ಲಿದೆ. ರೈತ ತಣ್ಣನೆಯ ಕೋಣೆ ಕಟ್ಟಿಸಲಾರ, ಆದರೆ ಬೀಜವನ್ನು ಚೆನ್ನಾಗಿ ಒಣಗಿಸಿ ಗಾಳಿಯಾಡದ ಡಬ್ಬಿಗೆ ತುಂಬಬಲ್ಲ. ಆಟದ ಸಂಗ್ರಹ ಇಟ್ಟುಕೊಂಡ ಗೃಹಸ್ಥನೂ ಅಷ್ಟೇ. ಇಡೀ ಕೋಣೆಯ ಹವೆಯನ್ನು ಆಳುವುದು ದುಬಾರಿ. ಒಂದು ಡಬ್ಬಿಯ ಹವೆಯನ್ನು ಆಳುವುದು ಸುಲಭ.

ಮನೆಯಲ್ಲಿ ಯಾವ ಜಾಗ

ಮೊದಲು ಜಾಗ. ತಾರಸಿ ಮನೆಯ ಸಜ್ಜ ಬೇಸಿಗೆಯಲ್ಲಿ ಕಾದ ಹೆಂಚು. ಬಚ್ಚಲುಮನೆ, ಅಡಿಗೆಮನೆಗಳ ಮೇಲಿನ ಸಜ್ಜವಂತೂ ಬೇಡವೇ ಬೇಡ. ಮಳೆಯ ಎರಚಲು ಹೊಡೆಯುವ ಹೊರಗೋಡೆಗೂ ಬಿಸಿಲು ಬಡಿಯುವ ಪಡುವಣ ಗೋಡೆಗೂ ತಾಗಿದ ಕಪಾಟು ಒಳ್ಳೆಯದಲ್ಲ. ಮನೆಯ ನಡುವಿನ, ನಾಲ್ಕೂ ಕಡೆ ಒಳಗೋಡೆಯಿರುವ ಕೋಣೆಯಲ್ಲಿ ಹಗಲು ರಾತ್ರಿಯ ಏರಿಳಿತ ಕಡಿಮೆ. ಹೆಂಚಿನ ಮನೆಯ ನಡುಕೋಣೆಗೆ ಈ ಗುಣ ತಾನಾಗಿಯೇ ಇರುತ್ತದೆ. ಅಲ್ಲಿ ಕಬ್ಬಿಣದ ಬೀರುವನ್ನು ಗೋಡೆಯಿಂದ ಮೂರು ನಾಲ್ಕು ಬೆರಳು ದೂರ ನಿಲ್ಲಿಸಿದರೆ ಹಿಂದೆ ಗಾಳಿಯಾಡುತ್ತದೆ, ಗೋಡೆಯ ಪಸೆ ತಾಗುವುದಿಲ್ಲ. ಕೆಳಗಿನ ಅರೆಯನ್ನು ಖಾಲಿ ಬಿಡಿ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗೆಯ ತಗ್ಗಿನ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿದ್ದು ನೆನಪಿರಲಿ.

ಆಮೇಲೆ ಕಾಲ. ಸಂಗ್ರಹವನ್ನು ಡಬ್ಬಿಗೆ ಹಾಕಿ ಮುಚ್ಚಲು ಒಳ್ಳೆಯ ಸಮಯ ಜನವರಿ, ಫೆಬ್ರವರಿಯ ಒಣಹವೆಯ ಮಧ್ಯಾಹ್ನ. ಮಳೆಗಾಲದಲ್ಲಿ ಮುಚ್ಚಿದರೆ ಮಳೆಗಾಲವನ್ನೇ ಒಳಗೆ ಕೂಡಿಹಾಕಿದಂತೆ. ಗಾಳಿಯ ನೀರಿಗಿಂತ ರಟ್ಟು ಕಾಗದಗಳು ಹೀರಿಕೊಂಡಿರುವ ನೀರು ಎಷ್ಟೋ ಪಟ್ಟು ಹೆಚ್ಚು. ಅವನ್ನು ಮೂರು ನಾಲ್ಕು ದಿನ ನೆರಳಿನಲ್ಲಿ, ಗಾಳಿಯಾಡುವ ಕಡೆ ಹರಡಿ ಒಣಗಿಸಬೇಕು. ಬಿಸಿಲಿಗೆ ಇಡಬಾರದು, ಏಕೆಂದರೆ ಇವು ಹಪ್ಪಳವಲ್ಲ.

ಡಬ್ಬಿ ಬಿಗಿ ಮುಚ್ಚಳದ್ದಾಗಿರಲಿ, ಮುಚ್ಚಳದ ಸುತ್ತ ರಬ್ಬರಿನ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. 20 ಲೀಟರಿನ ಡಬ್ಬಿಗೆ 100 ಗ್ರಾಂ ಸಿಲಿಕಾ ಜೆಲ್ ಸಾಕು, ಒಳಗಿನ ವಸ್ತು ಮೊದಲೇ ಒಣಗಿದ್ದರೆ. ತೆರೆದ ಕಪಾಟಿನಲ್ಲಿ ಎರಡು ಪುಟ್ಟ ಚೀಲ ಸಿಲಿಕಾ ಜೆಲ್ ಇಟ್ಟು ನಿಶ್ಚಿಂತರಾಗುವುದು, ಕೆರೆಯನ್ನು ಚಮಚದಲ್ಲಿ ಬತ್ತಿಸಲು ಹೊರಟಂತೆ. ಬಣ್ಣ ಬದಲಿಸುವ ಜೆಲ್ ಕೊಂಡರೆ ನೀಲಿಯದಕ್ಕಿಂತ ಕಿತ್ತಳೆ ಬಣ್ಣದ್ದು ಮೇಲು, ನೀಲಿಯಲ್ಲಿರುವ ಕೋಬಾಲ್ಟ್ ಲವಣ ಆರೋಗ್ಯಕ್ಕೆ ಒಳ್ಳೆಯದಲ್ಲ. ಪಸೆ ಹೀರಿದ ಜೆಲ್ಲನ್ನು ಅಡಿಗೆಗೆ ಬಳಸದ ಪಾತ್ರೆಯಲ್ಲಿ 110–120 ಡಿಗ್ರಿಗೆ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ಇದಕ್ಕೆ ಅಕ್ಕಿ ಬದಲಿಯಲ್ಲ. ಮನೆಯ ಅಕ್ಕಿಯಲ್ಲೇ ಸಾಕಷ್ಟು ತೇವ ಇರುತ್ತದೆ, ಜೊತೆಗೆ ಹುಳುವನ್ನೂ ಕರೆಯುತ್ತದೆ.

ಕೆಲವು ನೂರು ರೂಪಾಯಿಗೆ ಸಿಗುವ ಪುಟ್ಟ ಆರ್ದ್ರತಾ ಮಾಪಕವನ್ನು ಡಬ್ಬಿಯೊಳಗೆ ಇಡಿ. ಅದು ಹೇಳುವುದು ನಿಜವೋ ಎಂದು ನೋಡಲು ಉಪ್ಪೇ ಸಾಕು. ಶೀಸೆಯ ಮುಚ್ಚಳದಲ್ಲಿ ಪುಡಿಯುಪ್ಪಿಗೆ ನಾಲ್ಕು ಹನಿ ನೀರು ಹಾಕಿ ಹಸಿಹಿಟ್ಟಿನಂತೆ ಮಾಡಿ, ಮಾಪಕದ ಜೊತೆ ಬಿಗಿ ಚೀಲದಲ್ಲಿ ಒಂದು ರಾತ್ರಿ ಇಡಿ. ಬೆಳಗ್ಗೆ ಅದು 75ರ ಹತ್ತಿರ ತೋರಿಸಬೇಕು. 70 ತೋರಿಸಿದರೆ ಮುಂದೆ ಓದುವ ಅಂಕಿಗೆ ಐದು ಸೇರಿಸಿಕೊಂಡರಾಯಿತು. ಡಬ್ಬಿಯೊಳಗೆ 40–50 ಇದ್ದರೆ ಕ್ಷೇಮ, 60 ದಾಟಿದರೆ ಜೆಲ್ ಬದಲಿಸುವ ಹೊತ್ತು. 30ಕ್ಕಿಂತ ಕೆಳಗಿಳಿಸುವುದೂ ಬೇಡ, ಕಾಗದ ಪೆಡಸಾಗುತ್ತದೆ.

ಸಿ.ಡಿ.ಗಳನ್ನು ಗಟ್ಟಿ ಡಬ್ಬಿಯಲ್ಲಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು. ತಂತಿಗಳನ್ನು ಸಡಿಲವಾಗಿ ಸುತ್ತಿ ಬೇರೆ ಚೀಲದಲ್ಲಿಡಬೇಕು. ಟಿ.ವಿ.ಗೆ ಜೋಡಿಸುವ ಯಂತ್ರವನ್ನು ವರ್ಷಕ್ಕೆ ಎರಡು ಮೂರು ಬಾರಿ, ಒಣಹವೆಯ ದಿನ, ಅರ್ಧ ಗಂಟೆ ಚಾಲೂ ಮಾಡುವುದು ಲೇಸು. ದೀರ್ಘಕಾಲ ಸುಮ್ಮನೆ ಕುಳಿತರೆ ಒಳಗಿನ ಕೆಪ್ಯಾಸಿಟರುಗಳು ದುರ್ಬಲವಾಗುತ್ತವೆ. 1990ರ ದಶಕದ ಕೆಲವು ಯಂತ್ರಗಳಲ್ಲಿ, ಸೆಗಾ ಕಂಪನಿಯ 'ಗೇಮ್ ಗಿಯರ್'ನಲ್ಲಿ ಮುಖ್ಯವಾಗಿ, ಅವು ಸೋರುವುದೂ ಉಂಟು. ಮಳೆಗಾಲದಲ್ಲಿ ಆಡಲೇಬೇಕೆನಿಸಿದರೆ ಬೇಕಾದ ಒಂದೆರಡನ್ನು ಮಾತ್ರ ತೆಗೆದು, ಡಬ್ಬಿಯನ್ನು ಕೂಡಲೇ ಮುಚ್ಚಿಬಿಡಿ.

ಮತ್ತೆ ಬಿತ್ತಿದರೇ ಬೀಜ

ಇಷ್ಟೆಲ್ಲ ಮಾಡಿದರೂ ಬೀಜವನ್ನು ಎಂದೆಂದಿಗೂ ಇಟ್ಟುಕೊಳ್ಳಲಾಗುವುದಿಲ್ಲ. ತಳಿ ಉಳಿಯಬೇಕಾದರೆ ಕೆಲವು ವರ್ಷಕ್ಕೊಮ್ಮೆ ಬಿತ್ತಿ, ಹೊಸ ಬೀಜ ಹಿಡಿಯಬೇಕು. ತಾಳೆಗರಿಯಲ್ಲಿದ್ದ ಕಾವ್ಯ ಉಳಿದದ್ದೂ ಹೀಗೆಯೇ: ಗರಿ ಜೀರ್ಣವಾಗುವ ಮುನ್ನ ಯಾರೋ ಕುಳಿತು ಇನ್ನೊಂದು ಗರಿಗೆ ಬರೆದರು. ಆಟಕ್ಕೂ ಇದೇ ನಿಯಮ. ಒಳ್ಳೆಯ ಡಬ್ಬಿ ನಮಗೆ ಕೊಡುವುದು ಕಾಲಾವಕಾಶವನ್ನು. ಆ ಅವಕಾಶದಲ್ಲಿ ಪ್ರತಿ ಮಾಡಿಟ್ಟುಕೊಳ್ಳುವುದು ಮುಂದಿನ ಕೆಲಸ.

ಇದಕ್ಕೆ ಕಾನೂನಿನ ಅಡ್ಡಿ ಪೂರ್ತಿ ಇಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು, ಕಂಪ್ಯೂಟರ್ ಪ್ರೋಗ್ರಾಮಿನ ನ್ಯಾಯವಾದ ಪ್ರತಿಯನ್ನು ಹೊಂದಿದವರು ಅದು ನಾಶವಾದೀತೆಂಬ ಭಯಕ್ಕೆ, ತಮ್ಮ ಬಳಕೆಗಾಗಿ ಮಾತ್ರ, ಮೀಸಲು ಪ್ರತಿ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ಅದನ್ನು ಹಂಚುವುದಕ್ಕಾಗಲಿ ಮಾರುವುದಕ್ಕಾಗಲಿ ಅನುಮತಿಯಿಲ್ಲ. ಕ್ಯಾಸೆಟ್ಟಿನ ಆಟವನ್ನೂ ಅದರಲ್ಲಿ ಉಳಿಸಿದ ಹಂತವನ್ನೂ ಓದಿ ಕಂಪ್ಯೂಟರಿಗೆ ತುಂಬುವ ಸಣ್ಣ ಉಪಕರಣಗಳು ಈಗ ಸಿಗುತ್ತವೆ. ಮೊದಲು ಹಂತವನ್ನು ಪ್ರತಿ ಮಾಡಿ, ಆಮೇಲೆ ಹಳೆಯ ಬ್ಯಾಟರಿ ಕಿತ್ತು ಹೊಸದನ್ನು ಬೆಸೆಯುವುದು ಎಲೆಕ್ಟ್ರಾನಿಕ್ಸ್ ಕಲಿಯುವ ಹುಡುಗ ಹುಡುಗಿಯರಿಗೆ ಒಂದು ಸಂಜೆಯ ಕೆಲಸ.

ಡಬ್ಬಿಯೊಳಗೆ ಇನ್ನೊಂದು ವಸ್ತುವಿಗೂ ಜಾಗವಿರಲಿ. ಒಂದು ಕಾಗದದಲ್ಲಿ, ಪಸೆಗೆ ಕದಡದ ಪೆನ್ಸಿಲಿನಿಂದ, ಯಾವ ಆಟ, ಯಾವ ವರ್ಷ ಯಾವ ಊರಿನಲ್ಲಿ ಕೊಂಡದ್ದು, ಬೆಲೆ ಎಷ್ಟು, ಮನೆಯಲ್ಲಿ ಯಾರು ಆಡುತ್ತಿದ್ದರು ಎಂದು ಬರೆದಿಡಿ. ಮೇಲಿನ ಚೀಟಿಯಲ್ಲಿ ಲಕ್ಷ ಆಟಗಳೆಂದಿದ್ದರೆ ಒಳಗೆ ನಿಜವಾಗಿ ಇರುವ ಆಟಗಳೆಷ್ಟು ಎಂಬುದನ್ನೂ ಸೇರಿಸಿ. ಬೀಜದ ಡಬ್ಬಿಗೆ ತಳಿಯ ಹೆಸರು, ಸುಗ್ಗಿಯ ವರ್ಷ ಬರೆಯದಿದ್ದರೆ ಮುಂದೆ ಅದು ಬರೀ ಕಾಳು. ಈ ಚೀಟಿ ಇಲ್ಲದಿದ್ದರೆ ಮೂವತ್ತು ವರ್ಷದ ನಂತರ ಅದೂ ಬರೀ ಪ್ಲಾಸ್ಟಿಕ್.

ಮುಂದೊಂದು ದಿನ ನಮ್ಮ ಯಾವುದಾದರೂ ಗ್ರಂಥಾಲಯವೋ ವಿಶ್ವವಿದ್ಯಾಲಯವೋ 1990ರ ದಶಕದ ಕನ್ನಡದ ಮಕ್ಕಳು ಏನನ್ನು ಆಡುತ್ತಿದ್ದರು ಎಂದು ಹುಡುಕಿ ಹೊರಡಬಹುದು. ಆಗ ಅವರು ಬರಬೇಕಾದ್ದು ನವುಲೆಯಂಥ ಬಡಾವಣೆಗಳ ಮನೆಗಳಿಗೇ. ಬಾಗಿಲು ತೆರೆದವರು ಒಣಗಿದ, ಹೆಸರು ಬರೆದ ಒಂದು ಡಬ್ಬಿಯನ್ನು ಕೊಡಬಲ್ಲರೋ ಇಲ್ಲವೋ ಎಂಬುದು ಬರುವ ಮೃಗಶಿರದೊಳಗೆ ನಾವು ಸಜ್ಜದಿಂದ ಏನನ್ನು ಇಳಿಸುತ್ತೇವೆ ಎಂಬುದನ್ನು ಅವಲಂಬಿಸಿದೆ.